ತೇರಿನ ಅಚ್ಚು ನೋಡುವವರು ಜೈಂಟ್ ವೀಲಿನ ಅಚ್ಚನ್ನೂ ನೋಡಲಿ

ಮಾಘ, ಫಾಲ್ಗುಣ ಬಂತೆಂದರೆ ನಮ್ಮ ಕಡೆ ಜಾತ್ರೆಗಳ ಸಾಲು. ಸಿದ್ಧಗಂಗೆ, ಗುಬ್ಬಿ, ದೇವರಾಯನದುರ್ಗ, ಮುಂದೆ ಎಡೆಯೂರು. ಎಲ್ಲಿ ಜನ ಹೆಚ್ಚು ಸೇರುತ್ತಾರೋ ಅಲ್ಲಿಗೆ ಲಾರಿಗಳಲ್ಲಿ ಕಬ್ಬಿಣವೂ ಬಂದಿಳಿಯುತ್ತದೆ: ಜೈಂಟ್ ವೀಲ್, ಕೊಲಂಬಸ್, ಮಕ್ಕಳ ಡ್ರ್ಯಾಗನ್ ರೈಲು. ಜೋಡಿಸಿ, ಬಣ್ಣದ ಬಲ್ಬು ಕಟ್ಟಿದರೆ ಟಿಕೆಟ್ ಶುರು. ಆ ಕಬ್ಬಿಣಕ್ಕೆ ಎಷ್ಟು ವಯಸ್ಸು ಅಂತ ನಾವ್ಯಾರೂ ಕೇಳುವುದಿಲ್ಲ. ಕೇಳಲೇಬೇಕು ಅನ್ನುವುದು ನಮ್ಮ ಮಾತು. ಯಾಕೆ ಅನ್ನುವುದಕ್ಕೆ ಜಪಾನಿನ ಒಂದು ರೋಲರ್ ಕೋಸ್ಟರ್ ಕಥೆ ಕೇಳಿ.

ಒಸಾಕಾ ಹತ್ತಿರ ಎಕ್ಸ್‌ಪೋಲ್ಯಾಂಡ್ ಅಂತ ಒಂದು ದೊಡ್ಡ ಪಾರ್ಕ್ ಇತ್ತು. ಅಲ್ಲಿ 1992ರಲ್ಲಿ ಫೂಜಿನ್ ರೈಜಿನ್ ಎಂಬ ಉಕ್ಕಿನ ರೋಲರ್ ಕೋಸ್ಟರ್ ಬಂತು. ಜನ ನಿಂತುಕೊಂಡೇ ಹೋಗುವ ಗಾಡಿ ಅದು. 15 ವರ್ಷ ಓಡಿತು. 2007ರ ಮೇ 5, ರಜೆಯ ದಿನ, ಒಂದು ಗಾಡಿಯ ಚಕ್ರದ ಅಚ್ಚು ತುಂಡಾಯಿತು. 19 ವರ್ಷದ ಹುಡುಗಿಯೊಬ್ಬಳು ಸತ್ತಳು, ಹಲವರು ಗಾಯಗೊಂಡರು. ತನಿಖೆ ಮಾಡಿದಾಗ ಗೊತ್ತಾಗಿದ್ದು ಇಷ್ಟು: 15 ವರ್ಷದಲ್ಲಿ ಆ ಅಚ್ಚನ್ನು ಒಮ್ಮೆಯೂ ಬದಲಿಸಿರಲಿಲ್ಲ. ಆ ವರ್ಷ ಮಾಡಬೇಕಿದ್ದ ಬಿರುಕಿನ ಪರೀಕ್ಷೆಯನ್ನು ಮುಂದಕ್ಕೆ ಹಾಕಿದ್ದರು. ಆ ರೋಲರ್ ಕೋಸ್ಟರ್ ಕಥೆ ಅಲ್ಲಿಗೆ ಮುಗಿಯಿತು. ಜನರ ನಂಬಿಕೆಯೂ ಹೋಯಿತು. 2009ರಲ್ಲಿ ಪಾರ್ಕೇ ಮುಚ್ಚಿತು.

ಕಬ್ಬಿಣ ದಣಿಯುತ್ತದೆ. ಬೇಲಿ ತಂತಿಯನ್ನು ಹತ್ತು ಸಲ ಆಚೆ ಈಚೆ ಬಗ್ಗಿಸಿ ನೋಡಿ, ಕೊನೆಗೆ ಪಟ್ಟನೆ ತುಂಡಾಗುತ್ತದೆ. ಅಚ್ಚಿನಲ್ಲೂ ಹಾಗೆಯೇ. ಒಂದೊಂದು ಸುತ್ತಿಗೂ ಭಾರ ಬಿದ್ದು ಬಿದ್ದು, ಕೂದಲೆಳೆಯಷ್ಟು ಬಿರುಕು ಹುಟ್ಟಿ ಒಳಗೊಳಗೇ ಬೆಳೆಯುತ್ತದೆ. ಮೇಲೆ ಬಣ್ಣ, ಗ್ರೀಸು ಇದ್ದರೆ ಕಣ್ಣಿಗೆ ಕಾಣುವುದಿಲ್ಲ. ಕಾಣಿಸುವ ದಾರಿಗಳಿವೆ. ಅಚ್ಚನ್ನು ಬಿಚ್ಚಿ ತೊಳೆದು, ಕೆಂಪು ದ್ರವ ಸವರಿ ಒರೆಸಿ, ಮೇಲೆ ಬಿಳಿ ಪುಡಿ ಹಾಕಿದರೆ ಬಿರುಕು ಇದ್ದ ಕಡೆ ಕೆಂಪು ಗೆರೆ ಮೂಡುತ್ತದೆ. ಒಳಗಿನ ಬಿರುಕಿಗೆ ಅಲ್ಟ್ರಾಸೌಂಡ್ ಪರೀಕ್ಷೆ ಇದೆ.

ಹಾಗಂತ ಹಳೆಯದೆಲ್ಲ ಗುಜರಿಗೆ ಅಂತ ನಾವು ಹೇಳುತ್ತಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1975ರಲ್ಲಿ ಶುರುವಾದ ಕಾರ್ಕ್‌ಸ್ಕ್ರೂ ಎಂಬ ಉಕ್ಕಿನ ರೋಲರ್ ಕೋಸ್ಟರ್ ಜನರನ್ನು ತಲೆಕೆಳಗು ಮಾಡಿ ತಿರುಗಿಸಿ ಹೆಸರು ಮಾಡಿತು. ಆ ಪಾರ್ಕಿನವರು ಅದನ್ನು ನಿಲ್ಲಿಸಿದ ಮೇಲೆ ಐಡಾಹೋ ರಾಜ್ಯದ ಸಿಲ್ವರ್‌ವುಡ್ ಪಾರ್ಕಿನವರು ಕೊಂಡು ಸಾಗಿಸಿದರು. 1990ರಿಂದ ಅಲ್ಲಿ ಅದಕ್ಕೆ ಎರಡನೇ ಬದುಕು. ವಯಸ್ಸಾಗುವುದು ತಪ್ಪಲ್ಲ, ವಯಸ್ಸಿಗೆ ತಕ್ಕ ಆರೈಕೆ ಇಲ್ಲದಿರುವುದು ತಪ್ಪು.

ಜಪಾನು ದೂರ ಅನಿಸಿದರೆ ಅಹಮದಾಬಾದ್ ನೋಡಿ. 2019ರ ಜುಲೈ 14ರಂದು ಕಾಂಕರಿಯಾ ಕೆರೆಯ ಪಾರ್ಕಿನಲ್ಲಿ ಉಯ್ಯಾಲೆಯಂತೆ ತೂಗುವ ಯಂತ್ರವೊಂದು ಮುರಿದು ಬಿದ್ದು ಇಬ್ಬರು ಸತ್ತರು. ಒಂದೇ ಕಡೆ ನಿಂತಿರುವ ಪಾರ್ಕಿನಲ್ಲೇ ಹೀಗೆ. ಜಾತ್ರೆಯ ಯಂತ್ರವನ್ನಂತೂ ಊರೂರಿಗೆ ಬಿಚ್ಚಿ, ಹೇರಿ, ಮತ್ತೆ ಕೂರಿಸುತ್ತಾರೆ. ಬಿಚ್ಚಿದಾಗೆಲ್ಲ ಬೋಲ್ಟು, ಪಿನ್ನು ಸವೆಯುತ್ತವೆ. ಕೂರಿಸುವ ನೆಲ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಉತ್ತ ಹೊಲ.

"ಹೊಟ್ಟೆಪಾಡಿಗೆ ಬಂದವರು ಪಾಪ, ಯಾಕೆ ತೊಂದರೆ ಕೊಡ್ತೀರಿ" ಅನ್ನುವವರಿದ್ದಾರೆ. ಅವರ ಹೊಟ್ಟೆಪಾಡು ನಿಲ್ಲಬಾರದು ಅಂತಲೇ ನಾವೂ ಹೇಳುತ್ತಿರುವುದು. ಒಂದು ಅಚ್ಚು ಮುರಿದರೆ ಮೊದಲು ಬೀದಿಗೆ ಬೀಳುವುದು ಅವರ ಸಂಸಾರವೇ. ಯಂತ್ರ ತಿರುಗಿಸುವ ಹುಡುಗರ ಜೀವವೂ ಅದರ ಕೆಳಗೇ ಇದೆ.

ಎಂಟು ವರ್ಷ ದಾಟಿದ ಬಸ್ಸು, ಲಾರಿಗೆ ವರ್ಷ ವರ್ಷ ಎಫ್‌ಸಿ ಆಗಬೇಕು. ಚಿನ್ನಕ್ಕೆ ಹಾಲ್‌ಮಾರ್ಕ್ ನಿಯಮ ಮಾಡಿದ ಬಿಐಎಸ್ ಸಂಸ್ಥೆಯೇ ಇಂಥ ಆಟದ ಯಂತ್ರಗಳಿಗೂ ಐಎಸ್ 15475 ಎಂಬ ಮಾನದಂಡ ಮಾಡಿದೆ. ಅದು ಕಾಗದದಿಂದ ಜಾತ್ರೆ ಬಯಲಿಗೆ ಇಳಿಯಬೇಕು.

ಹಾಗಾಗಿ ಜಾಗ ಹರಾಜು ಹಾಕುವ ಪಂಚಾಯಿತಿ, ಜಾತ್ರಾ ಸಮಿತಿ, ಅನುಮತಿ ಕೊಡುವ ಅಧಿಕಾರಿಗಳು ಮೂರೇ ಪ್ರಶ್ನೆ ಕೇಳಲಿ. ಯಂತ್ರ ಯಾವ ವರ್ಷದ್ದು? ಅಚ್ಚಿನ ಬಿರುಕು ಪರೀಕ್ಷೆ ಯಾವಾಗ ಆಯಿತು, ಮಾಡಿದ ಎಂಜಿನಿಯರ್ ಯಾರು? ಹತ್ತುವವರಿಗೂ ಕೆಲಸದವರಿಗೂ ವಿಮೆ ಇದೆಯೇ? ಮೂರಕ್ಕೂ ಉತ್ತರ ಬರೆದು ಟಿಕೆಟ್ ಕೌಂಟರ್ ಮುಂದೆ ಬೋರ್ಡ್ ಹಾಕಿಸಲಿ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಬೋರ್ಡ್ ಇಲ್ಲದಿದ್ದರೆ ಕರೆಂಟು ಕೊಡಬಾರದು.

ತೇರು ಎಳೆಯುವ ಮುಂಚೆ ಊರ ಹಿರಿಯರು ಗಾಲಿ, ಅಚ್ಚು ಮುಟ್ಟಿ ನೋಡುತ್ತಾರೆ. ದೇವರು ಕೂರುವ ತೇರಿಗೆ ಇರುವ ಈ ಎಚ್ಚರ, ಮಕ್ಕಳು ಕೂರುವ ಜೈಂಟ್ ವೀಲಿಗೂ ಇರಲಿ. ಈ ಸಲ ಜಾತ್ರೆಗೆ ಹೋದಾಗ ದುಡ್ಡು ಕೊಡುವ ಮುಂಚೆ ನೀವೂ ಒಂದು ಮಾತು ಕೇಳಿ: "ಅಣ್ಣಾ, ಇದು ಯಾವ ವರ್ಷದ್ದು?"