ಬಟನ್ ಫೋನ್ ಮರಳಿ ಬರುತ್ತಿದೆ: ಮದ್ದು ಅಂಗಡಿಯಲ್ಲಿದೆಯೇ, ಊರಿನಲ್ಲಿದೆಯೇ?

ವಯನಾಡಿನ ಮೀನಂಗಡಿ ಕಲ್ಪೆಟ್ಟಕ್ಕೂ ಸುಲ್ತಾನ್ ಬತ್ತೇರಿಗೂ ನಡುವೆ ಇರುವ ಒಂದು ಸಾಧಾರಣ ಪೇಟೆ. ಗುಂಡ್ಲುಪೇಟೆಯಿಂದ ಹೊರಟ ತರಕಾರಿ ಲಾರಿಗಳು ಬಂಡೀಪುರದ ಕಾಡು ದಾಟಿ, ಬತ್ತೇರಿ ಹಾದು, ಈ ಪೇಟೆಯ ಮೂಲಕವೇ ಕಲ್ಲಿಕೋಟೆಗೆ ಇಳಿಯುತ್ತವೆ. ನಮ್ಮ ಕಾಸರಗೋಡಿನವರಿಗೆ ದೂರದ ಊರಾದರೂ ತೀರ ಪರಕೀಯವಲ್ಲ. ಬತ್ತೇರಿಯ ಹಳೆಯ ಬಸದಿಯೂ ಆ ಸೀಮೆಯ ಜೈನ ಗೌಡ ಮನೆತನಗಳೂ ಕನ್ನಡದ ನಂಟನ್ನು ಇಂದಿಗೂ ನೆನಪಿಸುತ್ತವೆ.

ಇತ್ತೀಚೆಗೆ ಆ ಪೇಟೆಯಲ್ಲಿ ಬಸ್ಸಿಗೆ ಕಾದು ನಿಂತಿದ್ದೆವು. ಸುತ್ತ ನಿಂತವರಲ್ಲಿ ಬಹುತೇಕರ ತಲೆ ತಗ್ಗಿತ್ತು, ಹೆಬ್ಬೆರಳು ಮೇಲೆ ಕೆಳಗೆ ಆಡುತ್ತಿತ್ತು. ಒಬ್ಬ ಮುದುಕರು ಮಾತ್ರ ಅಂಗಿಯ ಕಿಸೆಯಿಂದ ಪ್ಲಾಸ್ಟಿಕ್ ಸುತ್ತಿದ ಬಟನ್ ಫೋನ್ ತೆಗೆದು, ಗಂಟೆ ನೋಡಿ, ಹಿಂದಕ್ಕಿಟ್ಟು ರಸ್ತೆ ನೋಡುತ್ತ ನಿಂತರು. ಬಸ್ಸು ಬಂದದ್ದನ್ನು ಮೊದಲು ಕಂಡವರು ಅವರೇ. ಅಸೂಯೆಪಡುವಂತಹ ನೆಮ್ಮದಿ ಎಂದುಕೊಂಡೆವು. ಬಸ್ಸಿನಲ್ಲಿ ಮಾತಿಗೆ ಸಿಕ್ಕಾಗ ಬೇರೆಯೇ ಕಥೆ ಹೊರಬಂತು. ಯಾವುದೋ ಕಾಗದದ ಕೆಲಸಕ್ಕೆ ಅವರು ಪೇಟೆಗೆ ಬಂದಿದ್ದರು. "ದೊಡ್ಡ ಫೋನ್ ಇಲ್ಲವೇ? ಮೊಮ್ಮಗನನ್ನು ಕರೆದುಕೊಂಡು ಬನ್ನಿ" ಎಂದು ಹೇಳಿ ಅವರನ್ನು ಮರಳಿ ಕಳುಹಿಸಿದ್ದರಂತೆ.

ಒಂದು ಕಡೆ ದೊಡ್ಡ ಫೋನನ್ನು ಕೈಬಿಡಲಾರದೆ ಒದ್ದಾಡುವವರು. ಇನ್ನೊಂದು ಕಡೆ ಅದಿಲ್ಲದೆ ಬದುಕಲು ಬಿಡದ ವ್ಯವಸ್ಥೆ. ಇಂದಿನ ಮೊಬೈಲ್ ಸಮಸ್ಯೆಯ ಎರಡು ಮುಖಗಳು ಇವು. ಮೊದಲನೆಯ ಮುಖದ ಬಗ್ಗೆ ಊರೆಲ್ಲ ಮಾತಾಡುತ್ತದೆ. ಎರಡನೆಯದರ ಬಗ್ಗೆ ಮಾತಾಡುವವರು ಕಡಿಮೆ.

ಧನಿಕ ದೇಶಗಳ ಹೊಸ ವ್ರತ

ಸ್ಮಾರ್ಟ್ ಫೋನಿನ ಹಾವಳಿಯಿಂದ ಬೇಸತ್ತವರಿಗಾಗಿ "ಕಡಿಮೆ ಕೆಲಸ ಮಾಡುವ" ಫೋನುಗಳನ್ನು ತಯಾರಿಸಿ ಮಾರುವ ಉದ್ಯಮವೊಂದು ಪಾಶ್ಚಾತ್ಯ ದೇಶಗಳಲ್ಲಿ ಬೆಳೆದಿದೆ. ಸ್ವಿಟ್ಜರ್‌ಲ್ಯಾಂಡಿನ ಪುಂಕ್ಟ್ ಸಂಸ್ಥೆ 2015ರಲ್ಲಿಯೇ ಕರೆ ಮತ್ತು ಸಂದೇಶಕ್ಕೆ ಸೀಮಿತವಾದ ಫೋನನ್ನು ಹೊರತಂದಿತು. ನ್ಯೂಯಾರ್ಕಿನ ಲೈಟ್ ಫೋನ್ ಸಂಸ್ಥೆಯ ಮೊದಲ ಫೋನ್ 2017ರಲ್ಲಿ ಗ್ರಾಹಕರ ಕೈ ಸೇರಿತು; ಅದರಲ್ಲಿ ಕರೆ ಮಾಡುವುದು ಬಿಟ್ಟರೆ ಹೆಚ್ಚಿನದೇನೂ ಸಾಧ್ಯವಿರಲಿಲ್ಲ. ಅದೇ ವರ್ಷ ನೋಕಿಯಾ 3310 ಎಂಬ ಹಳೆಯ ಹೆಸರಿಗೂ ಮರುಹುಟ್ಟು ದೊರೆಯಿತು. ಲೈಟ್ ಫೋನಿನ ಮೂರನೆಯ ಆವೃತ್ತಿ 2025ರಲ್ಲಿ ಬಂದಾಗ ಮುಂಗಡ ಕಾಯ್ದಿರಿಸಿದವರಿಗೂ ಬೆಲೆ 599 ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ 50 ಸಾವಿರ ರೂಪಾಯಿಯ ಆಸುಪಾಸು.

ಏನನ್ನೂ ಮಾಡದಿರುವುದಕ್ಕೆ ಇಷ್ಟು ಬೆಲೆಯೇ ಎಂದು ಓದುಗರು ನಗಬಹುದು. ಆದರೆ ಕೊಳ್ಳುವವರನ್ನು ಪೂರ್ತಿ ಗೇಲಿ ಮಾಡುವಂತಿಲ್ಲ. ಕೈಗೆ ಸಿಗದಂತೆ ಮಾಡಿಕೊಂಡರೆ ಮನಸ್ಸು ತಾನಾಗಿ ದಾರಿಗೆ ಬರುತ್ತದೆ ಎಂಬುದು ಅವರ ತರ್ಕ. ನಶ್ಯದ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಹೊರಡುತ್ತಿದ್ದ ನಮ್ಮ ಹಿರಿಯರ ತರ್ಕವೂ ಅದೇ ಆಗಿತ್ತು.

ನಮ್ಮಲ್ಲಿ ಇಂತಹ ಫೋನ್ ಹೊಸತಲ್ಲ. ಕೇರಳದಲ್ಲಿ ಮೊದಲ ಮೊಬೈಲ್ ಕರೆಯನ್ನು 1996ರ ಸೆಪ್ಟೆಂಬರ್ 17ರಂದು ಕೊಚ್ಚಿಯಲ್ಲಿ ಮಾಡಿದವರು ಕಾದಂಬರಿಕಾರ ತಕಳಿ ಶಿವಶಂಕರ ಪಿಳ್ಳೆಯವರು. ಅಂದು ಫೋನೆಂದರೆ ಮಾತು ಅಷ್ಟೇ. 2003ರಲ್ಲಿ ಬಂದ, ಧೂಳಿಗೆ ಜಗ್ಗದ, ತುದಿಯಲ್ಲಿ ಟಾರ್ಚ್ ಇದ್ದ ನೋಕಿಯಾ 1100 ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಅಂತಹ ಬಟನ್ ಫೋನ್ ಇಂದಿಗೂ ನಮ್ಮ ಅಂಗಡಿಗಳಲ್ಲಿ ಸಾವಿರ, ಎರಡು ಸಾವಿರ ರೂಪಾಯಿಗೆ ಸಿಗುತ್ತದೆ. ಅಮೇರಿಕದವರು 50 ಸಾವಿರ ಕೊಟ್ಟು ಕೊಳ್ಳುವ ನೆಮ್ಮದಿ ಮೀನಂಗಡಿಯ ಮುದುಕರ ಕಿಸೆಯಲ್ಲಿ ಮೊದಲೇ ಇತ್ತು. ಹಾಗಿದ್ದರೆ ಅವರ ಮೊಮ್ಮಗ ಅದನ್ನು ಏಕೆ ಬೇಡವೆನ್ನುತ್ತಾನೆ? ಬೇಕೆಂದರೂ ಅವನಿಗೆ ಅದು ಸಾಧ್ಯವೇ?

2020ರ ಆ ಎರಡು ತಿಂಗಳು

ಈ ಪ್ರಶ್ನೆಗೆ ಉತ್ತರ ಹುಡುಕುವವರು 2020ಕ್ಕೆ ಹೋಗಬೇಕು. ಕೊರೋನಾ ಹಾವಳಿಯಿಂದ ಶಾಲೆಗಳು ಮುಚ್ಚಿದ್ದಾಗ ಕೇರಳ ಸರಕಾರ ಜೂನ್ 1ರಂದು ವಿಕ್ಟರ್ಸ್ ಚಾನೆಲ್ ಮೂಲಕ "ಫಸ್ಟ್ ಬೆಲ್" ಪಾಠಗಳನ್ನು ಆರಂಭಿಸಿತು. ಟಿ.ವಿ. ಇಲ್ಲದ ಮನೆಗಳಲ್ಲಿ ಫೋನೇ ಪಾಠಶಾಲೆಯಾಯಿತು. ವಯನಾಡಿನ ಆದಿವಾಸಿ ಹಾಡಿಗಳಲ್ಲಿ ರೇಂಜ್ ಸಿಗದೆ ಮಕ್ಕಳು ಗುಡ್ಡ ಹತ್ತಬೇಕಾಯಿತು. ಸಾಲಸೋಲ ಮಾಡಿ ಫೋನ್ ಕೊಂಡ ತಂದೆತಾಯಿಯರೆಷ್ಟೋ. ದಾನಿಗಳು, ಸಂಘಸಂಸ್ಥೆಗಳು ಹಂಚಿದ ಫೋನುಗಳೆಷ್ಟೋ. ಅದು ಆಗ ಅನಿವಾರ್ಯವಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಅದೇ ಜೂನ್ ಕೊನೆಗೆ ಕೇಂದ್ರ ಸರಕಾರ ಟಿಕ್‌ಟಾಕನ್ನು ನಿಷೇಧಿಸಿತು. ಆ ಖಾಲಿ ಜಾಗಕ್ಕೆ ಜುಲೈ ತಿಂಗಳಲ್ಲಿ ಇನ್‌ಸ್ಟಾಗ್ರಾಮಿನ ರೀಲ್ಸ್ ಭಾರತಕ್ಕೆ ಬಂತು. ಜೂನ್‌ನಲ್ಲಿ ಸ್ಲೇಟಾಗಿ ಮಗುವಿನ ಕೈ ಸೇರಿದ ಫೋನಿಗೆ ಜುಲೈಯಲ್ಲಿ ಕೊನೆಯಿಲ್ಲದ ನಾಟಕಶಾಲೆ ಬಂದು ಸೇರಿತು. ಶಾಲೆಗಳು ಮತ್ತೆ ತೆರೆದವು. ಫೋನ್ ಮಾತ್ರ ಮಕ್ಕಳ ಕೈಯಲ್ಲಿಯೇ ಉಳಿಯಿತು.

"ಕೊನೆಯಿಲ್ಲದ" ಎಂಬುದು ಅಲಂಕಾರದ ಮಾತಲ್ಲ. ಈ ಪತ್ರಿಕೆಗೆ ಕೊನೆಯ ಪುಟವೊಂದಿದೆ. ಓದಿ ಮುಗಿಸಿದವರು ಮಡಚಿಟ್ಟು ಕೆಲಸಕ್ಕೆ ಹೋಗುತ್ತಾರೆ. ಫೋನಿನ ಪುಟಕ್ಕೆ ಆ ತುದಿಯನ್ನೇ ತೆಗೆದುಹಾಕಲಾಗಿದೆ. 2006ರಲ್ಲಿ ಇಂತಹ ಮುಗಿಯದ ಪುಟವನ್ನು ರೂಪಿಸಿದ ಅಮೇರಿಕದ ಅಜಾ ರಾಸ್ಕಿನ್ ಎಂಬ ತಂತ್ರಜ್ಞರೇ ಮುಂದೆ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ನಾವು ನೋಡುತ್ತ ಕುಳಿತಷ್ಟು ಹೊತ್ತು ಕಂಪೆನಿಗಳಿಗೆ ಜಾಹೀರಾತಿನ ವರಮಾನ. ಆದುದರಿಂದ ಮಕ್ಕಳಿಗೆ ಸಂಯಮವಿಲ್ಲ ಎಂದು ಬಯ್ಯುವ ಮೊದಲು ಸಂಯಮವನ್ನು ಮುರಿಯುವುದೇ ಕಸುಬಾಗಿರುವವರು ಆಚೆ ಬದಿಯಲ್ಲಿ ಇದ್ದಾರೆ ಎಂಬುದನ್ನು ಹಿರಿಯರು ನೆನಪಿಡಬೇಕು. ಹೆತ್ತವರ ಕೈಯೂ ಅದೇ ಫೋನಿನ ಮೇಲೆ ಇರುತ್ತದೆ ಎಂಬುದು ಇನ್ನೊಂದು ಮಾತು.

ಚಿಕಿತ್ಸೆಯ ವ್ಯವಸ್ಥೆ ಇಲ್ಲವೆಂದಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಇದಕ್ಕಾಗಿ "ಶಟ್" ಎಂಬ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ವಿಡಿಯೋ ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕೇರಳ ಪೊಲೀಸರು 2023ರಲ್ಲಿ "ಡಿ-ಡ್ಯಾಡ್" ಎಂಬ ಸಲಹಾ ಕೇಂದ್ರಗಳನ್ನು ತಿರುವನಂತಪುರ, ಕೊಲ್ಲಂ, ಕೊಚ್ಚಿ, ತೃಶ್ಶೂರು, ಕಲ್ಲಿಕೋಟೆ, ಕಣ್ಣೂರುಗಳಲ್ಲಿ ಆರಂಭಿಸಿದರು. ಆ ಮೊದಲ ಆರರ ಪಟ್ಟಿಯಲ್ಲಿ ವಯನಾಡೂ ಇರಲಿಲ್ಲ, ನಮ್ಮ ಕಾಸರಗೋಡೂ ಇರಲಿಲ್ಲ. ಅದೇನೇ ಇರಲಿ, ಆಸ್ಪತ್ರೆ ಕಡೆಯ ಮೆಟ್ಟಿಲು. ಅಲ್ಲಿಯವರೆಗೆ ಹೋಗದಂತೆ ನೋಡಿಕೊಳ್ಳುವವರು ಯಾರು?

ಚಿವುಟುವವರೂ ತೂಗುವವರೂ

ಮಗುವನ್ನು ಚಿವುಟಿ ತೊಟ್ಟಿಲು ತೂಗಿದಂತೆ ಎಂಬ ಗಾದೆ ಇಲ್ಲಿ ನಮ್ಮ ಸರಕಾರಗಳಿಗೆ ಒಪ್ಪುತ್ತದೆ. ಒಂದು ಕೈಯಲ್ಲಿ ಮೊಬೈಲ್ ಗೀಳಿನ ವಿರುದ್ಧ ಜಾಗೃತಿ ಶಿಬಿರ. ಇನ್ನೊಂದು ಕೈಯಲ್ಲಿ ಪ್ರತಿ ಕೆಲಸಕ್ಕೂ ಒಂದು ಆ್ಯಪ್. 2021ರಲ್ಲಿ ಪೋಷಣ್ ಟ್ರ್ಯಾಕರ್ ಬಂದು ಅಂಗನವಾಡಿಯ ಅಕ್ಕಂದಿರ ಪುಸ್ತಕ ಫೋನಿನೊಳಗೆ ಹೋಯಿತು. 2023ರ ಜನವರಿ 1ರಿಂದ ಉದ್ಯೋಗ ಖಾತರಿ ಕೆಲಸದ ಸ್ಥಳದಲ್ಲಿ ದಿನಕ್ಕೆರಡು ಬಾರಿ ಫೋಟೋ ತೆಗೆದು ಹಾಜರಿ ಕಳುಹಿಸುವುದು ಕಡ್ಡಾಯವಾಯಿತು. ಕೇರಳದ ಗ್ರಾಮ ಪಂಚಾಯತುಗಳ ಸೇವೆಗಳು 2025ರ ಏಪ್ರಿಲ್‌ನಲ್ಲಿ ಕೆ-ಸ್ಮಾರ್ಟ್ ವ್ಯವಸ್ಥೆಗೆ ಸೇರಿದವು. ಅದೇ ವರ್ಷ ಆಗಸ್ಟ್ 21ರಂದು ಕೇರಳವನ್ನು ದೇಶದ ಮೊದಲ ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಿಸಲಾಯಿತು. ಲಕ್ಷಾಂತರ ಹಿರಿಯರಿಗೆ ಸ್ಮಾರ್ಟ್ ಫೋನ್ ಬಳಸಲು ಕಲಿಸಿದ ಈ ಸಾಧನೆ ಅಭಿನಂದನೀಯವೇ. ಆದರೆ ತೆರೆಯಲು ಕಲಿಸಿದ ಮೇಲೆ ಮುಚ್ಚಲು ಕಲಿಸುವ ಪಾಠವೂ ಇರಬೇಕಲ್ಲವೇ?

ಬಟನ್ ಫೋನಿನವರು ಇಷ್ಟರಲ್ಲಿಯೇ ದಂಡ ತೆತ್ತದ್ದೂ ಉಂಟು. ಬರಿಯ ಮಾತು ಸಾಕು ಎನ್ನುವವರೂ ಬೇಡದ ಇಂಟರ್‌ನೆಟ್ಟಿನ ಹಣ ಸೇರಿಸಿ ರೀಚಾರ್ಜ್ ಮಾಡಬೇಕಾದ ಸ್ಥಿತಿ ಬಹುಕಾಲವಿತ್ತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2024ರ ಡಿಸೆಂಬರಿನಲ್ಲಿ ಆದೇಶ ಹೊರಡಿಸಿದ ಮೇಲೆಯೇ ಕರೆ ಮತ್ತು ಸಂದೇಶಕ್ಕೆ ಮಾತ್ರ ಸೀಮಿತವಾದ ಪ್ಯಾಕುಗಳು ಎಲ್ಲ ಪ್ರಮುಖ ಕಂಪೆನಿಗಳಿಂದ ಬಂದವು. ಹಣ ಪಾವತಿಗೂ ದಾರಿಯಿದೆ. ಬಟನ್ ಫೋನಿನಿಂದ ಯು.ಪಿ.ಐ. ಮೂಲಕ ಹಣ ಕಳುಹಿಸುವ "123 ಪೇ" ಸೌಲಭ್ಯವನ್ನು ರಿಸರ್ವ್ ಬ್ಯಾಂಕ್ 2022ರ ಮಾರ್ಚ್ 8ರಂದು ಆರಂಭಿಸಿತು. ಅಂದರೆ ಸಣ್ಣ ಫೋನಿನಿಂದ ಕೆಲಸ ನಡೆಸುವ ತಂತ್ರಜ್ಞಾನಕ್ಕೆ ಕೊರತೆಯಿಲ್ಲ; ಅದನ್ನು ಜನರಿಗೆ ಹೇಳಿಕೊಡುವ ಉತ್ಸಾಹಕ್ಕೆ ಕೊರತೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಮಲೆನಾಡಿನ ಜನರಿಗೆ ಫೋನ್ ಜೀವರಕ್ಷಕವಲ್ಲವೇ? ನಿಜ. 2024ರ ಜುಲೈ 30ರ ನಡುರಾತ್ರಿ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಕುಸಿದಾಗ ಕತ್ತಲೆಯಿಂದ ಹೊರಬಂದದ್ದು ಫೋನಿನ ಕರೆಗಳೇ. ಆ ದಿನಗಳಲ್ಲಿ ಬಿ.ಎಸ್.ಎನ್.ಎಲ್. ತನ್ನ ಚೂರಲ್‌ಮಲೆಯ ಗೋಪುರವನ್ನು ನಡೆಸಿಕೊಂಡು ಬಂದದ್ದನ್ನು ವಯನಾಡು ಮರೆಯದು. ಆದರೆ ಗಮನಿಸಿ: ಆ ರಾತ್ರಿ ಜನ ಸಹಾಯ ಕೇಳಿದ್ದು ಮಾತಿನಲ್ಲಿ. "ಮಣ್ಣು ಬಂತು, ಬನ್ನಿ" ಎನ್ನಲು ಸಾವಿರ ರೂಪಾಯಿಯ ಫೋನೂ ಸಾಕು. ಫೋನ್ ಬೇಡ ಎಂಬುದು ನಮ್ಮ ವಾದವಲ್ಲ. ಯಾವ ಫೋನ್, ಎಷ್ಟು ಹೊತ್ತು ಎಂಬುದನ್ನು ನಿರ್ಧರಿಸುವ ಸ್ವಾತಂತ್ರ್ಯ ಬಳಸುವವರಿಗೆ ಇರಬೇಕು ಎಂಬುದಷ್ಟೇ.

ಹಲಗಾದ ಸೈರನ್, ಮೀನಂಗಡಿಯ ಮರ

ಈ ಸ್ವಾತಂತ್ರ್ಯವನ್ನು ಒಬ್ಬೊಬ್ಬರೇ ಗಳಿಸುವುದು ಕಷ್ಟ. ತರಗತಿಯ ಎಲ್ಲರೂ ವಾಟ್ಸಾಪ್ ಗುಂಪಿನಲ್ಲಿರುವಾಗ ಒಬ್ಬ ಹುಡುಗನಿಗೆ ಬಟನ್ ಫೋನ್ ಕೊಟ್ಟರೆ ಅವನಿಗೆ ಅದು ಶಿಕ್ಷೆ; ಎಲ್ಲರೂ ಒಟ್ಟಿಗೆ ಕೆಳಗಿಟ್ಟರೆ ಆಟ. ಈ ಸರಳ ಸತ್ಯವನ್ನು ಮೊದಲು ಕಂಡುಕೊಂಡವು ಹಳ್ಳಿಗಳೇ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರ ಸ್ವಾತಂತ್ರ್ಯ ದಿನದಂದು ಒಂದು ಪದ್ಧತಿ ಆರಂಭವಾಯಿತು. ಸಂಜೆ 7 ಗಂಟೆಗೆ ದೇವಸ್ಥಾನದಿಂದ ಸೈರನ್, 8.30ರವರೆಗೆ ಮನೆಮನೆಗಳಲ್ಲಿ ಟಿ.ವಿ. ಮತ್ತು ಫೋನ್ ಬಂದ್. ಆ ಜಿಲ್ಲೆಯ ಗಾಳಿ ಗಡಿ ದಾಟಿ ಬೆಳಗಾವಿ ಬಳಿಯ ಹಲಗಾ ಗ್ರಾಮಕ್ಕೂ ಬೀಸಿತು. ಅಲ್ಲಿ 2024ರ ಡಿಸೆಂಬರಿನಿಂದ ಸಂಜೆ 7ರಿಂದ 9ರವರೆಗೆ ಮಕ್ಕಳ ಓದಿಗಾಗಿ ಇದೇ ಕ್ರಮವನ್ನು ಊರು ಕೈಗೊಂಡಿತು. ಯಾರೂ ಹೊಸ ಫೋನ್ ಕೊಳ್ಳಬೇಕಾಗಲಿಲ್ಲ. ಕೈಯಲ್ಲಿದ್ದ ದೊಡ್ಡ ಫೋನೇ ಎರಡು ಗಂಟೆಯ ಮಟ್ಟಿಗೆ ಸಣ್ಣದಾಯಿತು.

ಈಗ ಮೀನಂಗಡಿಗೆ ಮರಳೋಣ. ಈ ಪಂಚಾಯತು ದೇಶದ ಗಮನ ಸೆಳೆದದ್ದು 2016ರಲ್ಲಿ ಕೈಗೆತ್ತಿಕೊಂಡ ಇಂಗಾಲ ಸಮತೋಲನ ಯೋಜನೆಯಿಂದ. ಊರು ಗಾಳಿಗೆ ಬಿಡುವಷ್ಟು ಇಂಗಾಲವನ್ನು ಊರಿನ ಮಣ್ಣು ಮರಗಳೇ ಹೀರಿಕೊಳ್ಳುವಂತೆ ಮಾಡುವುದು ಅದರ ಗುರಿ. ಅದರ ಅಂಗವಾಗಿ ಬಂದದ್ದು ಮರದ ಬ್ಯಾಂಕು. ಕಾಫಿ ತೋಟದ ರೈತ ಕಷ್ಟಕಾಲದಲ್ಲಿ ಮರ ಮಾರುತ್ತಾನೆ. "ಮರ ಕಡಿಯಬೇಡಿ" ಎಂದು ಭಾಷಣ ಮಾಡಿದರೆ ಅವನ ಅಡಚಣೆ ತೀರುವುದಿಲ್ಲ. ಅದಕ್ಕಾಗಿ ಮರವೊಂದಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಬಡ್ಡಿಯಿಲ್ಲದ ಸಾಲ ಕೊಡುವ ಏರ್ಪಾಡಾಯಿತು. ಮರ ಕಡಿದರೆ ಮಾತ್ರ ಸಾಲ ತೀರಿಸಬೇಕು. ಒಬ್ಬ ರೈತನ ಒಳ್ಳೆಯತನದ ಮೇಲೆ ಭಾರ ಹಾಕದೆ, ಮರ ಉಳಿಸುವವನಿಗೆ ಊರೇ ಬೆಂಬಲ ಕೊಡುವ ಉಪಾಯ ಇದು.

ಫೋನಿನ ವಿಚಾರದಲ್ಲಿಯೂ ಬೇಕಾದದ್ದು ಇದೇ ಬುದ್ಧಿ. ಉಪದೇಶ ಕಡಿಮೆ ಮಾಡಿ ಅಡಚಣೆ ತೆಗೆಯಬೇಕು. ಕೇರಳದಲ್ಲಿ ಗ್ರಾಮಸಭೆಯಿದೆ, 1998ರಿಂದ ಮನೆಮನೆ ತಲುಪಿದ ಕುಟುಂಬಶ್ರೀಯಿದೆ, ಅಕ್ಷಯ ಕೇಂದ್ರಗಳಿವೆ, ಊರೂರಿಗೆ ವಾಚನಾಲಯಗಳಿವೆ. ಇವುಗಳ ಬಲದಿಂದ ಯಾವ ಪಂಚಾಯತಾದರೂ ಮಾಡಬಹುದಾದ ಕೆಲಸಗಳು ಮೂರು. ಒಂದು, ಯಾವ ಕಚೇರಿಯಲ್ಲೂ ದೊಡ್ಡ ಫೋನ್ ಇಲ್ಲವೆಂಬ ಕಾರಣಕ್ಕೆ ಯಾರನ್ನೂ ಹಿಂದೆ ಕಳುಹಿಸದೆ, ಕಾಗದದ ಅರ್ಜಿಗೂ ಬಟನ್ ಫೋನಿಗೆ ಬರುವ ಸಂದೇಶಕ್ಕೂ ಬೆಲೆ ಕೊಡುವುದು. ಎರಡು, ಶಾಲೆಯ ಮನೆಪಾಠ ಮತ್ತು ಸೂಚನೆಗಳನ್ನು ವಾಟ್ಸಾಪಿನಿಂದ ಮಗುವಿನ ಡೈರಿಗೆ ಮರಳಿಸುವುದು. ಮೂರು, ಹಲಗಾದಂತೆ ಸಂಜೆಯ ಒಂದು ಹೊತ್ತನ್ನು ಊರೊಟ್ಟಿಗೆ ಫೋನಿಲ್ಲದ ಹೊತ್ತೆಂದು ಒಪ್ಪಿಕೊಳ್ಳುವುದು. ಆ ಹೊತ್ತಿಗೆ ವಾಚನಾಲಯದ ಬಾಗಿಲು ತೆರೆದಿಡುವುದು.

ಮೂರನೆಯದರಲ್ಲಿ ನಮ್ಮ ಓದುಗರಿಗೆ ವಿಶೇಷ ಸ್ವಾರ್ಥವೂ ಇದೆ. ಮಲಯಾಳ ಪ್ರಧಾನವಾದ ಜಿಲ್ಲೆಗಳಲ್ಲಿ ಕನ್ನಡ ಉಳಿದು ಬಂದದ್ದು ಶಾಲೆಯಿಂದ ಎಷ್ಟೋ, ಮುಸ್ಸಂಜೆಯ ಜಗಲಿಯ ಮಾತಿನಿಂದಲೂ ಅಷ್ಟೇ. ಅಜ್ಜಿ ಹೇಳಿದ ಕಥೆ, ಅಜ್ಜ ಗಟ್ಟಿಯಾಗಿ ಓದಿದ ಪತ್ರಿಕೆ, ಊಟದ ಮುಂಚಿನ ಹರಟೆ, ಇವೆಲ್ಲ ನಡೆಯುತ್ತಿದ್ದದ್ದು ಅದೇ ಏಳರಿಂದ ಒಂಬತ್ತರ ನಡುವೆ. ಆ ಎರಡು ಗಂಟೆಗಳನ್ನು ಫೋನಿಗೆ ಬಿಟ್ಟುಕೊಟ್ಟ ಮನೆಯಲ್ಲಿ ಮಗು ಮನೆಮಾತನ್ನು ಯಾರಿಂದ ಕೇಳಬೇಕು?

ಆದುದರಿಂದ ಬಟನ್ ಫೋನ್ ಕೊಳ್ಳಬಯಸುವವರು ಧಾರಾಳವಾಗಿ ಕೊಳ್ಳಲಿ, ಅದರಿಂದ ನಷ್ಟವಿಲ್ಲ. ಆದರೆ ಮದ್ದು ಅಂಗಡಿಯ ಗಾಜಿನ ಕಪಾಟಿನಲ್ಲಿದೆ ಎಂದು ಭ್ರಮಿಸುವುದು ಬೇಡ. ಮೀನಂಗಡಿಯ ಆ ಹಿರಿಯರ ಬಳಿ ಫೋನ್ ಸರಿಯಾದದ್ದೇ ಇತ್ತು; ಅವರನ್ನು ಹಿಂದೆ ಕಳುಹಿಸಿದ್ದು ಕಚೇರಿಯ ಕಿಟಿಕಿ. ಮುಂದಿನ ಗ್ರಾಮಸಭೆಗೆ ಹೋಗುವವರು ಆ ಕಿಟಿಕಿಯ ಬಗ್ಗೆ ಒಂದು ಪ್ರಶ್ನೆ ಕೇಳಲಿ. ಹೋಗುವಾಗ ಫೋನನ್ನು ಮನೆಯಲ್ಲಿಟ್ಟು ಹೋದರೆ ಇನ್ನೂ ಒಳಿತು.