ಪೆಟ್ಟಿಗೆ ಬೇಡ ಅನ್ನಲ್ಲ, ಮೊದಲು ನುಸಿ ಎಣಿಸಿ

ತೆಂಗಿನ ನುಸಿ ಅಂದ್ರೆ ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು, ಗಡಿ ದಾಟಿ ಬಂದು ಎಳೆಗಾಯಿಗಳನ್ನೆಲ್ಲ ಕಂದು ಮಾಡಿದ್ದು ಮನೆಯ ಹಿರಿಯರಿಗೆ ನೆನಪಿದೆ. ಆದರೆ ಜೇನಿಗೂ ನುಸಿ ಇದೆ ಅಂದ್ರೆ, ಪೆಟ್ಟಿಗೆ ಇಟ್ಟಿರೋ ಹುಡುಗರೇ "ಹೌದಾ?" ಅಂತಾರೆ.

2020ರಲ್ಲಿ ಕೇಂದ್ರ ಸರ್ಕಾರ ಜೇನು ಸಾಕಣೆಗೆ 500 ಕೋಟಿ ರೂಪಾಯಿ ಘೋಷಿಸಿದ ಮೇಲೆ ಸಬ್ಸಿಡಿ ಪೆಟ್ಟಿಗೆ ಬಗ್ಗೆ ವಿಚಾರಿಸೋರು ಜಾಸ್ತಿ ಆಗಿದ್ದಾರೆ. ಒಳ್ಳೇದೇ. ಆದರೆ ನಾನು ನೋಡಿದ ತರಬೇತಿಗಳಲ್ಲಿ ತುಪ್ಪ ತೆಗೆಯೋ ಯಂತ್ರದ ಮುಂದೆ ಒಂದು ಗಂಟೆ ನಿಲ್ಲಿಸ್ತಾರೆ, ನುಸಿಗೆ ಐದು ನಿಮಿಷ. ಮೆಲ್ಲಿಫೆರಾ ಜೇನು ಸಾಕೋರಿಗೆ ಈ ಲೆಕ್ಕ ಉಲ್ಟಾ ಇರಬೇಕಿತ್ತು ಅನ್ನೋದು ನನ್ನ ವಾದ.

ಯಾಕೆ ಅಂದ್ರೆ, ವರೋವಾ ನುಸಿ ಮೂಲತಃ ನಮ್ಮ ಏಷ್ಯಾದ ತುಡುವೆ ಜೇನಿನದ್ದು. ತುಡುವೆಗೆ ಅದರ ಜೊತೆ ಬಾಳಿ ಗೊತ್ತು. ನೊಣಗಳು ಒಂದರ ಮೈಯನ್ನ ಇನ್ನೊಂದು ಉಜ್ಜಿ ನುಸಿ ಕಿತ್ತು ಹಾಕ್ತವೆ. ನುಸಿ ಮರಿ ಮಾಡೋದು ಹೆಚ್ಚಾಗಿ ಗಂಡು ನೊಣದ ಕಣಗಳಲ್ಲಿ ಮಾತ್ರ, ಹಾಗಾಗಿ ಕುಟುಂಬ ಉಳಿಯುತ್ತೆ. ಮೆಲ್ಲಿಫೆರಾದಲ್ಲಿ ಅದು ಕೆಲಸಗಾರ ನೊಣದ ಕಣಕ್ಕೂ ನುಗ್ಗುತ್ತೆ. ಮೇಣದ ಮುಚ್ಚಳ ಬೀಳೋ ಸ್ವಲ್ಪ ಮುಂಚೆ ಒಳಗೆ ಸೇರಿ, ಮುಚ್ಚಿದ ಕಣದಲ್ಲೇ ಮೊಟ್ಟೆ ಇಟ್ಟು, ಹುಟ್ಟೋ ನೊಣದ ಜೊತೆ ಮರಿಗಳ ಸಮೇತ ಹೊರಗೆ ಬರುತ್ತೆ. ಅದು ತಿನ್ನೋದು ಮುಖ್ಯವಾಗಿ ನೊಣದ ಕೊಬ್ಬಿನ ಅಂಗಾಂಶ ಅಂತ 2019ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಜೊತೆಗೆ ರೆಕ್ಕೆ ಸುರುಟಿಸೋ ವೈರಸ್ಸನ್ನೂ ಹಂಚುತ್ತೆ. ಪೆಟ್ಟಿಗೆ ಮುಂದೆ ರೆಕ್ಕೆ ಮುದುಡಿದ ನೊಣ ತೆವಳೋದು ಕಂಡ್ರೆ ಆಗಲೇ ತಡ ಆಗಿದೆ ಅಂತ ಅರ್ಥ.

ನಮ್ಮಲ್ಲಿ ಇನ್ನೊಂದೂ ಇದೆ, ಟ್ರೊಪಿಲೀಲಾಪ್ಸ್. ಇದರ ಮೂಲ ಮನೆ ಹೆಜ್ಜೇನು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ತುಪ್ಪ ಇಳಿಸಿಕೊಂಡು ಬಂದ ಅದೇ ಹೆಜ್ಜೇನು. ಕಾಡಂಚಿನ ಹೊಲದಲ್ಲಿ ಹೆಜ್ಜೇನೂ ಮೆಲ್ಲಿಫೆರಾನೂ ಒಂದೇ ಹೂವಿಗೆ ಬರ್ತವೆ, ಹಾಗಾಗಿ ನಮಗೆ ಎರಡು ನುಸಿಯ ಕಾಟ. ಹೆಜ್ಜೇನು ಕಾಲಕ್ಕೆ ಸರಿಯಾಗಿ ಎರಿ ಬಿಟ್ಟು ವಲಸೆ ಹೋಗುತ್ತೆ. ಈ ನುಸಿಗೆ ದೊಡ್ಡ ನೊಣವನ್ನ ಕಚ್ಚಿ ತಿನ್ನೋಕೆ ಆಗಲ್ಲ, ಮರಿ ಇಲ್ಲದಿದ್ರೆ ಕೆಲವೇ ದಿನದಲ್ಲಿ ಸಾಯುತ್ತೆ. ಹೆಜ್ಜೇನಿನ ವಲಸೆಯೇ ಅದರ ಔಷಧಿ. ಪೆಟ್ಟಿಗೆ ಜೇನಿಗೆ ಆ ವಲಸೆ ಇಲ್ಲ, ವರ್ಷವಿಡೀ ಮರಿ ಇರುತ್ತೆ.

ಎಣಿಸೋದು ಕಷ್ಟವೇನಲ್ಲ. ಮರಿ ಇರೋ ಎರಿಯಿಂದ ಅರ್ಧ ಲೋಟದಷ್ಟು, ಅಂದ್ರೆ ಸುಮಾರು 300 ನೊಣ ಜಾಡಿಗೆ ಹಾಕಿ (ರಾಣಿ ಅದರಲ್ಲಿಲ್ಲ ಅಂತ ಎರಡು ಸಲ ನೋಡಿ). ಎರಡು ಚಮಚ ಪುಡಿ ಸಕ್ಕರೆ ಸುರಿದು ಜಾಡಿ ಉರುಳಿಸಿ, ಒಂದೆರಡು ನಿಮಿಷ ಬಿಟ್ಟು, ಜಾಲರಿ ಮುಚ್ಚಳದ ಮೂಲಕ ಬಿಳಿ ತಟ್ಟೆಗೆ ಜಾಡಿಸಿ. ಗಸಗಸೆಗಿಂತ ತುಸು ದಪ್ಪ, ಕೆಂಗಂದು, ಏಡಿ ಥರ ಅಗಲ ಇರೋದೇ ವರೋವಾ. ಒಂಬತ್ತು ದಾಟಿದ್ರೆ ನೂರಕ್ಕೆ ಮೂರಕ್ಕಿಂತ ಹೆಚ್ಚಾಯ್ತು, ಸುಮ್ನಿರಬೇಡಿ. ನೊಣಗಳನ್ನ ವಾಪಸ್ ಬಿಟ್ರೆ ಸಕ್ಕರೆ ನೆಕ್ಕಿಕೊಂಡು ಸರಿಹೋಗ್ತವೆ. ಟ್ರೊಪಿಲೀಲಾಪ್ಸ್ ಈ ಪರೀಕ್ಷೆಗೆ ಅಷ್ಟಾಗಿ ಸಿಗಲ್ಲ. ನೊಣ ಕೊಡವಿದ ಮರಿ ಎರಿಯನ್ನ ಬಿಳಿ ಟ್ರೇ ಮೇಲೆ ಜೋರಾಗಿ ಕುಟ್ಟಿ, ಸಣ್ಣಗೆ ಉದ್ದಕ್ಕೆ ಇದ್ದು ಬೇಗ ಓಡೋದು ಅದು.

ಈಗ ಔಷಧಿ ವಿಚಾರ. ಫ್ಲುವಾಲಿನೇಟ್ ಪಟ್ಟಿ ಎಲ್ಲರೂ ಹೇಳ್ತಾರೆ. ನಾನು ಬೇಡ ಅಂತೀನಿ, ಸಾವಯವ ಹಟಕ್ಕಲ್ಲ. ಅದು ಮೇಣದಲ್ಲಿ ಉಳಿಯುತ್ತೆ, ಹೊರದೇಶಗಳಲ್ಲಿ ನುಸಿ ಅದಕ್ಕೆ ಬಗ್ಗದೆ ಎಷ್ಟೋ ವರ್ಷ ಆಯ್ತು. ಎಣಿಸದೆ ವರ್ಷವರ್ಷ ಪಟ್ಟಿ ತೂಗು ಹಾಕಿದ್ರೆ ಇಲ್ಲೂ ಅದೇ ಕಥೆ. ಸೂರ್ಯಕಾಂತಿ ಮುಗಿದು ತುಪ್ಪದ ಕೋಣೆ ತೆಗೆದ ಮೇಲೆ ರಾಣಿಯನ್ನ 21ರಿಂದ 24 ದಿನ ಎರಿ ಮೇಲೇ ಸಣ್ಣ ಪಂಜರದಲ್ಲಿ ಕೂರಿಸಿ. ಮರಿ ಎಲ್ಲಾ ಹೊರಬರುತ್ತೆ, ಟ್ರೊಪಿಲೀಲಾಪ್ಸ್ ಹಸಿದು ಸಾಯುತ್ತೆ, ವರೋವಾ ಅಡಗೋಕೆ ಕಣ ಇಲ್ಲದೆ ನೊಣದ ಮೈಮೇಲೆ ಬಯಲಾಗುತ್ತೆ. ಸಕ್ಕರೆ ಪಾಕದಲ್ಲಿ ಕರಗಿಸಿದ ಆಕ್ಸಾಲಿಕ್ ಆಮ್ಲವನ್ನ ಎರಿಗಳ ನಡುವಿನ ಒಂದೊಂದು ಸಾಲಿಗೆ 5 ಮಿ.ಲೀ.ನಂತೆ ಹನಿಸೋಕೆ ಅದೇ ಸಮಯ. ಮುಚ್ಚಿದ ಕಣದೊಳಕ್ಕೆ ಅದು ಹೋಗಲ್ಲ, ಬೇರೆ ಕಾಲದಲ್ಲಿ ಹಾಕಿದ್ರೆ ಅರ್ಧ ಕೆಲಸ. ಫಾರ್ಮಿಕ್ ಆಮ್ಲ ಕಣದೊಳಗೂ ಹೋಗುತ್ತೆ, ಆದ್ರೆ ನಮ್ಮ ಏಪ್ರಿಲ್ ಬಿಸಿಲಲ್ಲಿ ರಾಣಿಯನ್ನೇ ಕಳ್ಕೊಳ್ತೀರಿ. ಕೈಗವಸು, ಕನ್ನಡಕ ಇಲ್ಲದೆ ಎರಡನ್ನೂ ಮುಟ್ಟಬೇಡಿ. ಪಾಕದ ಪ್ರಮಾಣವನ್ನ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ, ಯೂಟ್ಯೂಬಲ್ಲಲ್ಲ.

ಪೆಟ್ಟಿಗೆ ಇಲ್ಲದ ರೈತರಿಗೂ ಒಂದು ಮಾತು. ಸೂರ್ಯಕಾಂತಿ ಹೂ ಬಿಟ್ಟಾಗ ಹೊರಗಿನ ಸಾಕಣೆದಾರರು ಲಾರಿಯಲ್ಲಿ ಪೆಟ್ಟಿಗೆ ತಂದು ಜಾಗ ಕೇಳ್ತಾರೆ. ಕೊಡಿ, ಕಾಳು ಕಟ್ಟೋಕೆ ಜೇನು ಬೇಕೇ ಬೇಕು. ಆದರೆ ಇಳಿಸೋ ಮುಂಚೆ ನಾಲ್ಕು ಪೆಟ್ಟಿಗೆಗೆ ಸಕ್ಕರೆ ಪರೀಕ್ಷೆ ಮಾಡಿ ತೋರಿಸಿ ಅನ್ನಿ. ಒಬ್ಬರು ನನಗೆ, "ನುಸಿ ಎಲ್ಲಾ ಕಡೆ ಇರುತ್ತೆ ಸಾ" ಅಂದ್ರು. ನಿಜ. ಎಷ್ಟಿದೆ ಅನ್ನೋದೇ ಪ್ರಶ್ನೆ. ಬಡವಾದ ಪೆಟ್ಟಿಗೆಯ ತುಪ್ಪ ಕದಿಯೋಕೆ ಹೋದ ಪಕ್ಕದ ಹೊಲದ ನೊಣ, ನುಸಿ ಹೊತ್ತುಕೊಂಡೇ ಮನೆಗೆ ಬರುತ್ತೆ. ಅಷ್ಟು ಬಿಗಿ ಕಾವಲಿನ ಆಸ್ಟ್ರೇಲಿಯಾಕ್ಕೇ 2022ರಲ್ಲಿ ವರೋವಾ ಹೊಕ್ಕಿತು. ಪೂರ್ತಿ ನಿರ್ಮೂಲ ಮಾಡ್ತೀವಿ ಅಂತ ಹೊರಟವರು ಮುಂದಿನ ವರ್ಷವೇ ಆ ಯೋಜನೆ ಕೈಬಿಟ್ಟರು.

ಬಾಳೆ, ತೆಂಗು, ತರಕಾರಿ ನಡುವೆ ಎರಡೇ ಪೆಟ್ಟಿಗೆ ಸಾಕು ಅನ್ನೋರು ತುಡುವೆಯನ್ನೇ ಇಟ್ಕೊಳ್ಳಿ. ತುಪ್ಪ ಕಮ್ಮಿ, ನುಸಿ ಚಿಂತೆಯೂ ಕಮ್ಮಿ. ಆದರೆ ದೂರದೂರಿಂದ ಕುಟುಂಬ ತರಿಸಬೇಡಿ. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆಯನ್ನ ಹೆಚ್ಚುಕಮ್ಮಿ ಗುಡಿಸಿ ಹಾಕಿತ್ತು. ಆ ಖಾಲಿ ಜಾಗ ತುಂಬೋಕೇ ಈ ಕಡೆ ಮೆಲ್ಲಿಫೆರಾ ಬಂದಿದ್ದು. ನಿಮ್ಮ ಊರ ಸುತ್ತಲಿನ ಪೊಟರೆ, ಹುತ್ತದಲ್ಲಿ ಈಗ ಇರೋ ಕುಟುಂಬಗಳು ಅದರಲ್ಲಿ ಉಳಿದವುಗಳ ಸಂತಾನ, ಹಿಡಿಯೋದಾದ್ರೆ ಅವನ್ನೇ ಹಿಡೀರಿ.