ಎಕ್ಸ್‌ರೇ ನಾರ್ಮಲ್ ಬಂದರೆ ಮಂಡಿಗೆ ಏನೂ ಆಗಿಲ್ಲವೇ?

“ಎಕ್ಸ್‌ರೇಯಲ್ಲಿ ಏನೂ ಇಲ್ಲ, ನರ ಹೊರಳಿದೆ ಅಷ್ಟೆ. ಎಣ್ಣೆ ಬಿಸಿ ಮಾಡಿ ಚೆನ್ನಾಗಿ ತಿಕ್ಕಿ, ಸರಿಹೋಗುತ್ತದೆ.” ಆಟದಲ್ಲಿ ಮಂಡಿ ತಿರುಚಿಕೊಂಡವರಿಗೆ ವಾಟ್ಸಾಪ್‌ನಲ್ಲೂ ಊರಲ್ಲೂ ಸಿಗುವ ಸಲಹೆ ಹೆಚ್ಚುಕಡಿಮೆ ಇದೇ. ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಗಳಲ್ಲಿ ಆಡುವ ಹುಡುಗ ಹುಡುಗಿಯರು ಇದನ್ನು ನಂಬಿದರೆ ಕಳೆದುಕೊಳ್ಳುವುದು ಒಂದು ಸೀಸನ್ ಅಲ್ಲ, ಮಂಡಿಯನ್ನೇ.

ತೊಡೆಯ ಮೂಳೆ, ಕೆಳಗಾಲಿನ ಮೂಳೆ, ಮುಂದೆ ಮಂಡಿಚಿಪ್ಪು ಸೇರಿ ಮಂಡಿ ಆಗಿದೆ. ಈ ಮೂಳೆಗಳು ಒಂದಕ್ಕೊಂದು ಕಚ್ಚಿಕೊಂಡಿಲ್ಲ. ಅವನ್ನು ಹಿಡಿದಿಟ್ಟಿರುವುದು ಗಟ್ಟಿ ಹಗ್ಗಗಳಂತಹ ನಾಲ್ಕು ಮುಖ್ಯ ಲಿಗಮೆಂಟ್‌ಗಳು: ಎರಡು ಬದಿಗೆ ಒಂದೊಂದು, ಕೀಲಿನೊಳಗೆ ಕತ್ತರಿಯಂತೆ ಎರಡು. ಒಳಗಿನ ಮುಂದಿನದೇ ಎಸಿಎಲ್. ರೈಡ್‌ಗೆ ಹೋದವನು ಪಾದ ಊರಿ ಗಕ್ಕನೆ ತಿರುಗಿದಾಗ, ವಾಲಿಬಾಲ್‌ನಲ್ಲಿ ಜಿಗಿದು ಒಂಟಿಗಾಲಲ್ಲಿ ಇಳಿದಾಗ ಹರಿಯುವುದು ಹೆಚ್ಚಾಗಿ ಇದೇ. ಯಾರೂ ಮುಟ್ಟದೆಯೂ ಹರಿಯಬಹುದು.

ಎಕ್ಸ್‌ರೇ ತೋರಿಸುವುದು ಮೂಳೆಯನ್ನು. ಲಿಗಮೆಂಟ್ ಅದರಲ್ಲಿ ಕಾಣುವುದಿಲ್ಲ. ‘ಟಪ್’ ಎಂಬ ಸದ್ದು, ಕೆಲವೇ ಗಂಟೆಗಳಲ್ಲಿ ಊತ (ಒಳಗೆ ರಕ್ತ ತುಂಬುವುದರಿಂದ), ಆಮೇಲೆ ನಡೆಯುವಾಗ ಮಂಡಿ ಜಾರಿದಂತಾಗುವುದು, ಇವು ಎಸಿಎಲ್ ಹರಿದಿರಬಹುದೆಂಬ ಸೂಚನೆಗಳು. ಅನುಭವಿ ಮೂಳೆ ವೈದ್ಯರು ಕೈಯಿಂದ ಎಳೆದು ನೋಡಿಯೇ ಬಹುಮಟ್ಟಿಗೆ ಹೇಳಬಲ್ಲರು. ಎಂಆರ್‌ಐ ಅದನ್ನು ಖಚಿತಪಡಿಸುತ್ತದೆ.

ನಿಜವಾದ ಅಪಾಯ ಇರುವುದು ಕೆಲವು ವಾರಗಳ ನಂತರ. ಊತ ಇಳಿದು ನೋವು ಕಡಿಮೆಯಾಗಿರುತ್ತದೆ, ಎಣ್ಣೆಗೆ ಹೆಸರು ಬರುತ್ತದೆ. ಆದರೆ ಹರಿದ ಎಸಿಎಲ್ ತಾನಾಗಿ ಮೊದಲಿನಂತೆ ಕೂಡಿಕೊಳ್ಳುವುದು ಅಪರೂಪ. ಅದೇ ಮಂಡಿಯಲ್ಲಿ ಮತ್ತೆ ಅಂಗಳಕ್ಕಿಳಿದರೆ ಕಾಲು ಜಾರಿದಾಗಲೆಲ್ಲ ಮೂಳೆಗಳ ನಡುವಿನ ಮೆತ್ತೆ, ಅಂದರೆ ಮೆನಿಸ್ಕಸ್, ಹರಿಯಬಹುದು. ಮುಂದೆ ಬೇಗನೆ ಸವೆತ. ಮಂಡಿಯ ಒಳಬದಿಯ ಲಿಗಮೆಂಟ್ ಮಾತ್ರ ಹರಿದಿದ್ದರೆ ಬ್ರೇಸ್, ವ್ಯಾಯಾಮದಲ್ಲೇ ಬಹುತೇಕ ವಾಸಿಯಾಗುತ್ತದೆ. ಪಕ್ಕದ ಮನೆಯವರಿಗೆ ತಿಕ್ಕಿದ್ದು ‘ಫಲಿಸಿದ್ದು’ ಇಂಥದ್ದೇ ಪೆಟ್ಟಿರಬಹುದು!

ಹಾಗೆಂದು ಎಲ್ಲರಿಗೂ ಆಪರೇಷನ್ ಬೇಕು ಎಂಬುದೂ ಸರಿಯಲ್ಲ. 2010ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ, ಮೊದಲು ವ್ಯಾಯಾಮ ಚಿಕಿತ್ಸೆ ಪಡೆದ 59 ಯುವಜನರಲ್ಲಿ ಎರಡು ವರ್ಷಗಳೊಳಗೆ ಎಸಿಎಲ್ ಆಪರೇಷನ್ ಮಾಡಿಸಿಕೊಂಡವರು 23 ಮಂದಿ. ಹೊಲ, ತೋಟ, ಕಚೇರಿ ಕೆಲಸಕ್ಕೆ ಬಲವಾದ ತೊಡೆ ಸ್ನಾಯು ಸಾಕಾಗಬಹುದು. ಕಬಡ್ಡಿಗೆ ಮರಳುವವರ ಲೆಕ್ಕ ಬೇರೆ. ಆಪರೇಷನ್ ಆದರೂ ಆಟಕ್ಕೆ ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಕಾಯಬೇಕು. 2022ರ ಡಿಸೆಂಬರ್ 30ರಂದು ಕಾರು ಅಪಘಾತದಲ್ಲಿ ಮಂಡಿಯ ಲಿಗಮೆಂಟ್ ಹರಿದುಕೊಂಡ ರಿಷಭ್ ಪಂತ್, ಶಸ್ತ್ರಚಿಕಿತ್ಸೆಯ ನಂತರ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಬೆವರಿಳಿಸಿ ಐಪಿಎಲ್‌ಗೆ ಮರಳಿದ್ದು 2024ರ ಮಾರ್ಚ್‌ನಲ್ಲಿ.

ಪೆಟ್ಟಾದ ತಕ್ಷಣ ಆಟ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು 15-20 ನಿಮಿಷ ಇಡಿ, ಕ್ರೇಪ್ ಬ್ಯಾಂಡೇಜ್ ಹದವಾಗಿ ಕಟ್ಟಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ. ಮೊದಲ ಎರಡು ಮೂರು ದಿನ ಬಿಸಿ ಶಾಖ, ತಿಕ್ಕುವುದು, ನಟಿಕೆ ತೆಗೆಯುವುದು ಯಾವುದೂ ಬೇಡ, ಊತ ಹೆಚ್ಚುತ್ತದೆ. ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಮಂಡಿ ಸಿಕ್ಕಿಕೊಂಡು ನೇರವಾಗದಿದ್ದರೆ ಅಂದೇ ವೈದ್ಯರಲ್ಲಿಗೆ ಹೋಗಿ. ಪಾದ ತಣ್ಣಗಾದರೆ ಅಥವಾ ಜೋಮು ಹಿಡಿದರೆ ಒಂದು ಗಂಟೆಯೂ ತಡಮಾಡಬೇಡಿ, ರಕ್ತನಾಳಕ್ಕೆ ಪೆಟ್ಟಾಗಿರಬಹುದು. ಮೂರೂ ಊರುಗಳಿಂದ ಹಾಸನ ದೂರವೇನಲ್ಲ. ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮೂಳೆ ವಿಭಾಗ ಇದೆ. ಹೋಗುವಾಗ ಬಿಪಿಎಲ್ ಕಾರ್ಡು, ಆಧಾರ್ ಜೊತೆಗಿರಲಿ.